ತೊಗಲಿನ ಚೀಲದ ನೆರೆ ವಾಸನೆ

ಹಳೆಯ ತೊಗಲಿನ ಸಾಮಾನು ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿರಲಿ, ಬಂಧುಗಳಿಂದ ಬಂದಿರಲಿ, ಮೊದಲು ಎದುರಾಗುವುದು ಅದರ ವಾಸನೆ. ಅದನ್ನು ಹೋಗಲಾಡಿಸುವ ಕ್ರಮವನ್ನು ನಾನು ಕಲಿತದ್ದು 2019ರ ಓಣಂ ರಜೆಯಲ್ಲಿ, ಸಾಂಗ್ಲಿಯಲ್ಲಿ.

ಆ ಆಗಸ್ಟಿನಲ್ಲಿ ಕೃಷ್ಣಾ ನದಿ ಉಕ್ಕಿ ಊರೊಳಗೆ ನುಗ್ಗಿತ್ತು. ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ; ನೀರು 57 ಅಡಿ ಮುಟ್ಟಿತ್ತು. ಅಲ್ಲಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಮನೆ ಬಿಟ್ಟು ಮಿರಜಿನಲ್ಲಿ ಪರಿಚಿತರ ಆಶ್ರಯ ಪಡೆದಿದ್ದಳು. ಹಿಂತಿರುಗಿ ಬಂದಾಗ, ಗೂಟದಲ್ಲಿ ತೂಗುತ್ತಿದ್ದ ಭಾವನವರ ತೊಗಲಿನ ಚೀಲಕ್ಕೆ ಬೂಷ್ಟು ಹಿಡಿದಿತ್ತು. ತೀರಿಕೊಳ್ಳುವವರೆಗೂ ಮಿರಜ್ ಜಂಕ್ಷನ್ನಿನ ರೈಲ್ವೆ ನೌಕರಿಗೆ ಅವರು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ ಚೀಲವದು.

"ಮಗ ಕೆಲಸಕ್ಕೆ ಸೇರುವಾಗ ಅಪ್ಪನ ಚೀಲ ಕೊಡಬೇಕೆಂದಿದ್ದೆ ತಮ್ಮಾ. ಈ ನಾತ ಹೊತ್ತುಕೊಂಡು ಅವನು ಎಲ್ಲಿಗೆ ಹೋಗಲಿ?" ಎಂದಳು.

ಮೇಷ್ಟರೆಂಬ ಹಮ್ಮಿನಿಂದ ನಾನೇ ಮುಂದಾದೆ. ಚೀಲವನ್ನು ತೊಳೆದು ಸುಡುಬಿಸಿಲಿಗೆ ಹಾಕಿದೆ, ಅತ್ತರು ಸಿಂಪಡಿಸಿದೆ. ಸಂಜೆಯ ಹೊತ್ತಿಗೆ ಪಟ್ಟಿ ಬಿರುಕುಬಿಟ್ಟಿತ್ತು. ನಾತಕ್ಕೆ ಅತ್ತರು ಬೆರೆತು ಇಮ್ಮಡಿಯಾಗಿತ್ತು. ಮರುದಿನ ಪಟ್ಟಿ ಹೊಲಿಸಲು ಮಿರಜ್ ನಿಲ್ದಾಣದ ಹೊರಗೆ ಕೂರುವ ಚಪ್ಪಲಿ ರಿಪೇರಿಯ ಮುದುಕರಲ್ಲಿಗೆ ಹೋದೆ. ಅವರು ಚೀಲವನ್ನು ಮೂಸಿ ನಕ್ಕರು.

"ಮಾಸ್ತರ, ಅತ್ತರ ಹಚ್ಚಿದ್ರ ಏನ್ ಬಂತ್ರಿ? ಒಳಗಿನ ಹಸಿ ಹೋಗಬೇಕ್ರಿ. ಬಿಸಿಲು ಬ್ಯಾಡ, ಗಾಳಿ ಸಾಕು."

ತೊಗಲಿನ ವಿಚಾರದಲ್ಲಿ ಆ ಸೀಮೆಯವರ ಮಾತನ್ನು ಕೇಳಲೇಬೇಕು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಾಗ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ದವು. ಕಸುಬು ರಾಜ್ಯದ ಗಡಿ ನೋಡಿ ಬೆಳೆದದ್ದಲ್ಲವಷ್ಟೆ! ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ಆ ತೊಗಲಿಗೆ ತನ್ನದೇ ಆದ ವಾಸನೆಯಿದೆ. ಅದು ದೋಷವಲ್ಲ. ಓಡಿಸಬೇಕಾದದ್ದು ಬೂಷ್ಟಿನ ವಾಸನೆಯನ್ನು. ನಾವು ತರಗತಿಯಲ್ಲಿ ಶಿಲೀಂಧ್ರವೆಂದು ಪಾಠ ಮಾಡುವುದು ಇದನ್ನೇ. ತೇವವಿರುವ ತನಕ ಅದಕ್ಕೆ ಸಾವಿಲ್ಲ.

ಮೂಗಿಗೆ ಬಟ್ಟೆ ಕಟ್ಟಿ, ಹೊರಗೆ ಕೂತು ಬೂಷ್ಟನ್ನು ಬ್ರಶ್ಶಿನಿಂದ ಉದುರಿಸಿದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಒಳಹೊರಗೆ ಒರೆಸಿದೆ. (ಬಣ್ಣ ಬಿಡುವುದೋ ಎಂದು ಮೊದಲು ಮೂಲೆಯಲ್ಲಿ ಒರೆಸಿ ನೋಡಬೇಕು.) ಆಮೇಲೆ ಹಳೆಯ ಪತ್ರಿಕೆಗಳನ್ನು ಉಂಡೆಮಾಡಿ ತುಂಬಿ ನೆರಳಿನಲ್ಲಿ ತೂಗುಹಾಕಿದೆ. ಕಾಗದವನ್ನು ದಿನವೂ ಬದಲಿಸಬೇಕು. ಹಳೆಯ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನಾನು ಕಂಡಿಲ್ಲ, ಸಂಪಾದಕರು ಮನ್ನಿಸಲಿ! ಚೀಲ ಒಣಗಿದ ಮೇಲೆ ಅದನ್ನೊಂದು ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಟ್ಟಲು ತುಂಬ ಅಡಿಗೆ ಸೋಡಾ ಇಟ್ಟು ಮುಚ್ಚಿದೆ. ಸೋಡಾವನ್ನು ತೊಗಲಿನ ಮೇಲೆಯೇ ಚೆಲ್ಲಿದರೆ ಅದು ತೊಗಲನ್ನು ಕೆಡಿಸುತ್ತದೆ. ಕೊನೆಗೆ ಬಣ್ಣವಿಲ್ಲದ ಪಾಲಿಶನ್ನು ತೆಳ್ಳಗೆ ತಿಕ್ಕಿದೆ.

ನಮ್ಮ ಕಾಸರಗೋಡಿನ ಆಟಿಯ ಮಳೆಗೆ ನೆರೆಯೇ ಬೇಕಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿರಿ. ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಒಂದಿಷ್ಟು ಇದ್ದಲು ಇಡಿರಿ. ತೆಂಗಿನೆಣ್ಣೆ ಸುಲಭಕ್ಕೆ ಸಿಗುತ್ತದೆಂದು ಹಚ್ಚಿದರೆ ಕಮಟು ವಾಸನೆಯ ಹೊಸ ತೊಂದರೆ.

ನಾನು ಊರಿಗೆ ಹೊರಡುವ ದಿನ ಅಕ್ಕ ಚೀಲವನ್ನು ಮೂಗಿಗೆ ಹಿಡಿದಳು.

"ಅವರ ಹೊಗೆಸೊಪ್ಪಿನ ವಾಸನೆ ಸ್ವಲ್ಪ ಉಳಿದಿದೆ."

"ಇನ್ನೆರಡು ದಿನ ಪೆಟ್ಟಿಗೆಯಲ್ಲಿಡು ಅಕ್ಕಾ, ಅದೂ ಹೋಗುತ್ತದೆ" ಎಂದೆ.

"ಬೇಡ, ಅದು ಇರಲಿ" ಎಂದು ಚೀಲವನ್ನು ಮಗನ ಕೋಣೆಯ ಗೂಟಕ್ಕೆ ಹಾಕಿದಳು.