ಲ್ಯೂಸರ್ನ್: ಸರೋವರ ಹೊಳೆಯಾಗಿ ಹೊರಡುವ ಊರು

ರಾಯ್ಸ್ ನದಿ ಗೊಟ್ಹಾರ್ಡ್ ಬೆಟ್ಟಸಾಲಿನಲ್ಲಿ ಹುಟ್ಟಿ, ಕಡಿದಾದ ಕಣಿವೆಗಳನ್ನು ಇಳಿದು ಬಂದು, ದೊಡ್ಡ ಸರೋವರವೊಂದರಲ್ಲಿ ಸೇರಿ ಕಾಣೆಯಾಗುತ್ತದೆ. ಅದು ಮತ್ತೆ ಹೊಳೆಯಾಗಿ ಹೊರಡುವ ತುದಿಯಲ್ಲಿ ಲ್ಯೂಸರ್ನ್ ಇದೆ. ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ನೀರು. ಬಲಕ್ಕೆ ಹಡಗುಕಟ್ಟೆ, ಎಡಕ್ಕೆ ಮಾಡು ಹೊದ್ದ ಮರದ ಸೇತುವೆ, ಹಿಂದೆ ಪಿಲಾಟಸ್ ಬೆಟ್ಟ. ಊರು ನೋಡಲು ಬಂದವರು ಎಲ್ಲಿಂದ ಶುರುಮಾಡಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ಹಾಗಿದ್ದೂ ನಮ್ಮ ಕಡೆಯಿಂದ ಹೋಗುವ ಗುಂಪು ಪ್ರವಾಸಗಳಲ್ಲಿ ಈ ಊರಿಗೆ ಸಿಗುವುದು ಅರ್ಧ ದಿನ, ಒಮ್ಮೊಮ್ಮೆ ಅದೂ ಇಲ್ಲ. ಬೆಳಿಗ್ಗೆ ಟಿಟ್ಲಿಸ್ ಬೆಟ್ಟದ ಹಿಮ, ಮಧ್ಯಾಹ್ನ ಸಿಂಹದ ಶಿಲ್ಪದ ಮುಂದೊಂದು ಫೋಟೊ, ಸೇತುವೆಯ ಮೇಲೊಂದು ಫೋಟೊ, ಚಾಕೊಲೇಟ್ ಅಂಗಡಿ, ಮತ್ತೆ ಬಸ್ಸು. ನಾವಿಬ್ಬರೂ, ನಾನು ಮತ್ತು ನನ್ನ ಹೆಂಡತಿ, ಜುಲೈ ಕೊನೆಗೆ ಹೋಗಿ ಇಲ್ಲೇ ಬಿಡಾರ ಹೂಡಿದೆವು. ದಿನವೂ ಬೆಳಿಗ್ಗೆ ಒಂದು ದಿಕ್ಕಿಗೆ ಹೋಗಿ ಸಂಜೆ ಇದೇ ದಂಡೆಗೆ ಮರಳುವುದು. ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಇರುವುದರಿಂದ ಆತುರವೂ ಇರಲಿಲ್ಲ. ಈ ಊರನ್ನು ನೋಡಬೇಕಾದದ್ದು ಹೀಗೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಕಪೆಲ್‌ಬ್ರೂಕೆ ಎಂಬ ಆ ಮರದ ಸೇತುವೆ 14ನೇ ಶತಮಾನದ್ದು. ದಾಟಲು ಕಟ್ಟಿದ್ದಕ್ಕಿಂತ ಊರಿನ ರಕ್ಷಣೆಗೆ ಕಟ್ಟಿದ್ದು ಹೆಚ್ಚು. ಸರೋವರದ ಕಡೆಯ ತಡೆಗೋಡೆ ಊರ ಕಡೆಯದಕ್ಕಿಂತ ಎತ್ತರವಾಗಿರುವುದು ಅದಕ್ಕೇ, ಶತ್ರು ನೀರಿನ ಮೇಲಿಂದ ಬರುತ್ತಾನೆಂಬ ಲೆಕ್ಕ. ಈಗ ಸುಮಾರು 200 ಮೀಟರ್ ಉದ್ದವಿದೆ. ದಡಗಳಿಗೆ ಮಣ್ಣು ತುಂಬಿ ಊರು ಬೆಳೆಯುತ್ತಾ ಬಂದಂತೆ ಸೇತುವೆ ಗಿಡ್ಡವಾಯಿತು. ಪಕ್ಕದಲ್ಲಿ ನೀರೊಳಗಿನಿಂದಲೇ ಎದ್ದು ನಿಂತ ಎಂಟು ಮುಖದ ಕಲ್ಲಿನ ಗೋಪುರ ಸೇತುವೆಗಿಂತಲೂ ಹಳೆಯದು. ಒಂದು ಕಾಲದಲ್ಲಿ ಊರಿನ ಬೊಕ್ಕಸವೂ ದಸ್ತಾವೇಜುಗಳೂ ಇದ್ದದ್ದು ಅಲ್ಲೇ, ಸೆರೆಮನೆಯೂ ಅದೇ, ಚಿತ್ರಹಿಂಸೆಯ ಕೋಣೆಯೂ ಅದೇ.

ಸೇತುವೆಯ ಮಾಡಿನ ಕೆಳಗೆ, ತೊಲೆಗಳ ನಡುವಿನ ತ್ರಿಕೋನ ಹಲಗೆಗಳಲ್ಲಿ 17ನೇ ಶತಮಾನದ ಚಿತ್ರಗಳಿವೆ. ಹ್ಯಾನ್ಸ್ ಹೈನ್ರಿಚ್ ವೇಗ್‌ಮನ್ ಎಂಬ ಕಲಾವಿದ ಬರೆದದ್ದು. ಊರಿನ ಚರಿತ್ರೆ, ಊರನ್ನು ಕಾಯುವ ಸಂತರ ಕಥೆ, ಯುದ್ಧಗಳು. 1993ರ ಆಗಸ್ಟ್ 18ರ ರಾತ್ರಿ ಬೆಂಕಿ ಬಿದ್ದು ಸೇತುವೆಯ ಬಹುಭಾಗ ಉರಿದುಹೋಯಿತು. ಚಿತ್ರಗಳಲ್ಲಿ ಹೆಚ್ಚಿನವು ಸುಟ್ಟವು. ಎಂಟೇ ತಿಂಗಳಲ್ಲಿ, 1994ರ ಏಪ್ರಿಲ್‌ನಲ್ಲಿ, ಸೇತುವೆ ಮೊದಲಿದ್ದಂತೆಯೇ ಎದ್ದು ನಿಂತಿತು. ಚಿತ್ರಗಳ ವಿಷಯದಲ್ಲಿ ಮಾತ್ರ ಊರಿನವರು ಅವಸರಪಡಲಿಲ್ಲ. ನಡುಭಾಗದಲ್ಲಿ ನಡೆಯುವಾಗ ತಲೆಯೆತ್ತಿ ನೋಡಿ: ಕೆಲವೆಡೆ ಜಾಗ ಖಾಲಿ, ಕೆಲವೆಡೆ ಕರಕಲಾದ ಹಲಗೆ. ನಕಲು ಬರೆಸಿ ತುಂಬಿಸಬಹುದಿತ್ತು. ಕಳೆದುಕೊಂಡದ್ದನ್ನು ಕಳೆದುಕೊಂಡಂತೆಯೇ ತೋರಿಸುವ ಈ ನಿರ್ಧಾರ ನನಗೆ ಆ ಚಿತ್ರಗಳಷ್ಟೇ ದೊಡ್ಡದಾಗಿ ಕಂಡಿತು.

ಹೊಳೆಗುಂಟ ಕೆಳಗೆ ಹೋದರೆ ಎರಡನೇ ಮರದ ಸೇತುವೆ, ಸ್ಪ್ರಾಯರ್‌ಬ್ರೂಕೆ. ಗಿರಣಿಗಳ ಹೊಟ್ಟನ್ನು ಹೊಳೆಗೆ ಸುರಿಯಲು ಅಪ್ಪಣೆಯಿದ್ದದ್ದು ಊರಿನ ಕೆಳತುದಿಯ ಈ ಸೇತುವೆಯಿಂದ ಮಾತ್ರ, ಮೇಲಿನ ನೀರು ಕೆಡಬಾರದೆಂದು. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಬಂದವರು ಮಾತ್ರ ಸುಲಭವಾಗಿ ಹೊರಡುವುದಿಲ್ಲ. ಇದರ ಮಾಡಿನಡಿಯ ಚಿತ್ರಮಾಲೆಯ ವಿಷಯ ಸಾವು. ಕಾಸ್ಪರ್ ಮೆಗ್ಲಿಂಗರ್ 1626ರಿಂದ ಸುಮಾರು ಹತ್ತು ವರ್ಷ ಕೂತು ಬರೆದ ಸರಣಿಯಿದು. ಅಸ್ಥಿಪಂಜರವೊಂದು ಒಂದೊಂದು ಹಲಗೆಯಲ್ಲಿ ಒಬ್ಬೊಬ್ಬರ ಬಳಿ ಬರುತ್ತದೆ. ರಾಜ, ಬಿಷಪ್, ವ್ಯಾಪಾರಿ, ಮದುಮಗಳು, ಕೊನೆಗೆ ಚಿತ್ರ ಬರೆಯುತ್ತಿರುವ ಕಲಾವಿದನನ್ನೂ ಬಿಡುವುದಿಲ್ಲ. ದಿನಾ ಸಂತೆಗೆ, ಇಗರ್ಜಿಗೆ, ಕೆಲಸಕ್ಕೆ ಓಡಾಡುವ ದಾರಿಯ ನೆತ್ತಿಯ ಮೇಲೆ ಇಂಥ ಚಿತ್ರ ಬರೆಸಿದ ಜನರ ಧೈರ್ಯ ಮೆಚ್ಚಬೇಕು. ನನ್ನ ಹೆಂಡತಿ ಒಂದೊಂದೇ ಹಲಗೆಯ ಕೆಳಗೆ ನಿಂತು ಕತ್ತು ನೋಯುವವರೆಗೆ ನೋಡಿದಳು. ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಗೇ ಕರೆದೊಯ್ದಳು.

ಈ ಸೇತುವೆಯ ಪಕ್ಕದಲ್ಲೇ ಇನ್ನೊಂದು ರಚನೆಯಿದೆ. ಲ್ಯೂಸರ್ನ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ: 19ನೇ ಶತಮಾನದ ನಡುವಿನಲ್ಲಿ ಕಟ್ಟಿದ ನಾಡೆಲ್‌ವೇರ್, ಎಂದರೆ ಮರದ ಸೂಜಿಗಳ ಅಣೆಕಟ್ಟು. ಹೊಳೆಗೆ ಅಡ್ಡಲಾಗಿ ಚೌಕಟ್ಟು, ಅದಕ್ಕೆ ಒಂದರ ಪಕ್ಕ ಒಂದು ಒರಗಿಸಿಟ್ಟ ಉದ್ದುದ್ದ ಮರದ ಕಂಬಗಳು. ಬೇಸಿಗೆಯಲ್ಲಿ ಬೆಟ್ಟದ ಹಿಮ ಕರಗಿ ಸರೋವರ ಏರಿದರೆ ಕೆಲವು ಕಂಬಗಳನ್ನು ಕೀಳುತ್ತಾರೆ, ನೀರು ಹೆಚ್ಚು ಹರಿಯುತ್ತದೆ. ಚಳಿಗಾಲದಲ್ಲಿ ನೀರು ಇಳಿದರೆ ಮತ್ತೆ ಒರಗಿಸುತ್ತಾರೆ. ಇದೆಲ್ಲ ಕೈಯಿಂದಲೇ. 114 ಚದರ ಕಿಲೋಮೀಟರ್ ಹರವಿನ, 200 ಮೀಟರಿಗೂ ಮೀರಿದ ಆಳದ ಸರೋವರದ ಮಟ್ಟವನ್ನು ಮನುಷ್ಯರು ಕಂಬ ಎತ್ತಿಟ್ಟು ಕಾಯುವುದನ್ನು ಕಣ್ಣಾರೆ ನೋಡದಿದ್ದರೆ ನಂಬುವುದು ಕಷ್ಟ. 2005ರ ಆಗಸ್ಟ್‌ನ ಮಹಾಪೂರ ಊರಿಗೆ ನುಗ್ಗಿದ ಮೇಲೆ ಇಲ್ಲಿ ಹೊಸ ಬಾಗಿಲುಗಳನ್ನು ಕೂಡಿಸಿದರು. ಹಳೆಯ ಸೂಜಿಗಳನ್ನು ಮಾತ್ರ ತೆಗೆಯಲಿಲ್ಲ, ದುರಸ್ತಿ ಮಾಡಿ ಉಳಿಸಿಕೊಂಡರು. ಸ್ವಿಟ್ಜರ್ಲೆಂಡ್ ಎಂದರೆ ದೇವರು ಕೊಟ್ಟ ಚೆಲುವು ಎನ್ನುತ್ತೇವೆ. ಅರ್ಧ ಮಾತ್ರ ನಿಜ. ಉಳಿದರ್ಧ ಇಂಥ ಕೆಲಸ.

ಸಿಂಹದ ಶಿಲ್ಪದ ಮುಂದೆ ಜನಜಂಗುಳಿ ತಪ್ಪಿದ್ದಲ್ಲ. ಮುಂಜಾನೆ ಬೇಗ ಹೋಗುವುದು ಲೇಸು. ಬಂಡೆಯನ್ನೇ ಕೊರೆದು ಮಾಡಿದ ಗುಹೆಯಂಥ ಜಾಗದಲ್ಲಿ ಪಕ್ಕೆಗೆ ಮುರಿದ ಈಟಿ ನಾಟಿಸಿಕೊಂಡು ಸಾಯುತ್ತಿರುವ ಸಿಂಹ. ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್ಸೆನ್ ರೂಪಿಸಿದ, ಲುಕಾಸ್ ಆಹಾರ್ನ್ 1821ರಲ್ಲಿ ಕೆತ್ತಿ ಮುಗಿಸಿದ ಕೃತಿ. ಅದರ ಪಂಜದ ಕೆಳಗಿನ ಗುರಾಣಿ ಸ್ವಿಟ್ಜರ್ಲೆಂಡಿನದಲ್ಲ, ಫ್ರಾನ್ಸಿನ ರಾಜಮನೆತನದ್ದು. 1792ರ ಆಗಸ್ಟ್ 10ರಂದು ಪ್ಯಾರಿಸ್ಸಿನ ಟ್ವಿಲರಿ ಅರಮನೆಗೆ ಕ್ರಾಂತಿಕಾರರು ನುಗ್ಗಿದಾಗ ಫ್ರೆಂಚ್ ರಾಜನ ಕಾವಲಿಗಿದ್ದು ಸತ್ತ ನೂರಾರು ಸ್ವಿಸ್ ಸೈನಿಕರ ನೆನಪಿಗೆ ಇದನ್ನು ಕೆತ್ತಿಸಿದರು. ಅವರೇಕೆ ಅಲ್ಲಿದ್ದರು? ಊರಲ್ಲಿ ಹೊಲ ಕಡಿಮೆ, ಮಕ್ಕಳು ಹೆಚ್ಚು. ಕೂಲಿ ಸೈನಿಕರಾಗಿ ಪರದೇಶದ ದೊರೆಗಳ ಬಳಿ ದುಡಿಯುವುದು ಶತಮಾನಗಳ ಕಾಲ ಈ ಬೆಟ್ಟದ ಹುಡುಗರ ಹೊಟ್ಟೆಪಾಡಾಗಿತ್ತು. ಅವರನ್ನು ಕಳಿಸುವ ಗುತ್ತಿಗೆ ಹಿಡಿದ ಮನೆತನಗಳು ಶ್ರೀಮಂತವಾದವು. ಇಂದು ಜಗತ್ತೇ ಹಣ ತಂದು ಸುರಿಯುವ ಈ ನಾಡು ಒಂದು ಕಾಲದಲ್ಲಿ ಮಕ್ಕಳನ್ನು ಹೊರಗೆ ಕಳಿಸಿ ಬದುಕಿದ ನಾಡು. ಫೋಟೊ ತೆಗೆಯುವ ಮೊದಲು ಒಂದು ನಿಮಿಷ ಇದನ್ನು ನೆನೆಯಬೇಕು.

ಪಕ್ಕದ ಹಿಮನದಿ ಉದ್ಯಾನದಲ್ಲಿ ಹಿಮಯುಗದ ನೀರು ಬಂಡೆಯಲ್ಲಿ ಕೊರೆದ ಭಾರಿ ಗುಳಿಗಳಿವೆ. 1872ರಲ್ಲಿ ದ್ರಾಕ್ಷಾರಸದ ನೆಲಮಾಳಿಗೆಗೆಂದು ಅಗೆಯುವಾಗ ಸಿಕ್ಕವು. ಅಲ್ಲಿಂದ ಮೇಲೆ ಹತ್ತಿದರೆ ಮುಸೆಗ್ ಕೋಟೆಗೋಡೆ, ಒಂಬತ್ತು ಬುರುಜು. ಬೇಸಿಗೆಯಲ್ಲಿ ಕೆಲವನ್ನು ತೆರೆದಿರುತ್ತಾರೆ, ಹಣ ಕೇಳುವುದಿಲ್ಲ. ಸಿಟ್ ಬುರುಜಿನಲ್ಲಿ 1535ರ ಗಡಿಯಾರ ಇನ್ನೂ ನಡೆಯುತ್ತಿದೆ. ಹಿರಿತನದ ಹಕ್ಕಿನಿಂದ ಊರಿನ ಉಳಿದೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲು ಗಂಟೆ ಬಾರಿಸುವುದು ಅದೇ.

ಸರೋವರಕ್ಕೆ ಬರೋಣ. ಒಂದು ಇಡೀ ದಿನವನ್ನು ಹಡಗಿಗೇ ಕೊಡಬೇಕು. ಇಲ್ಲಿ ಐದು ಹಳೆಯ ಚಕ್ರದ ಉಗಿಹಡಗುಗಳು ಇಂದಿಗೂ ಓಡುತ್ತಿವೆ. ಎಲ್ಲಕ್ಕಿಂತ ಹಿರಿಯದು 1901ರ ‘ಊರಿ’, ಕಿರಿಯದು 1928ರ ‘ಸ್ಟಾಟ್ ಲುಟ್ಸರ್ನ್’. ಹಡಗಿನ ನಡುವೆ ತೆರೆದ ಅಂಕಣ, ಇಣುಕಿದರೆ ಎಣ್ಣೆಯಲ್ಲಿ ಮಿನುಗುವ ಉಕ್ಕಿನ ದಂಡಗಳು ಹಿಂದಕ್ಕೂ ಮುಂದಕ್ಕೂ ಆಡುವುದು ಕಾಣುತ್ತದೆ. ಬೆಟ್ಟ ನೋಡಲೆಂದು ಹತ್ತಿದ ಮಕ್ಕಳು ಅಲ್ಲಿಂದ ಅಲ್ಲಾಡುವುದಿಲ್ಲ. ಸರೋವರ ಕೈಕಾಲು ಚಾಚಿದ ಆಕಾರದ್ದು, ಒಂದೊಂದು ತಿರುವಿಗೂ ನೋಟ ಬದಲಾಗುತ್ತದೆ. ತೆಂಕಣ ತೋಳಿಗೆ ತಿರುಗಿದ ಮೇಲಂತೂ ಎರಡೂ ಕಡೆ ಬೆಟ್ಟ ನೇರ ನೀರಿಗಿಳಿಯುತ್ತದೆ. ಅಲ್ಲೇ ರುಟ್ಲಿ ಹುಲ್ಲುಗಾವಲು. 1291ರಲ್ಲಿ ಮೂರು ಕಣಿವೆಗಳ ಜನ ಸೇರಿ ಆಣೆಯಿಟ್ಟು ಒಂದಾದರೆಂದು ಐತಿಹ್ಯ ಹೇಳುವ ಜಾಗ. 1940ರ ಜುಲೈ 25ರಂದು, ಸುತ್ತಲೂ ಹಿಟ್ಲರನ ಕೂಟ ಆವರಿಸಿದ್ದಾಗ, ಸ್ವಿಸ್ ಸೇನಾಪತಿ ಗ್ವಿಸಾನ್ ತನ್ನ ಅಧಿಕಾರಿಗಳನ್ನು ‘ಸ್ಟಾಟ್ ಲುಟ್ಸರ್ನ್’ ಹಡಗಿನಲ್ಲೇ ಇಲ್ಲಿಗೆ ಕರೆತಂದು ದೇಶವನ್ನು ಕಾದೇ ತೀರುವ ಸಂಕಲ್ಪ ತಿಳಿಸಿದ್ದ. ಆಗಸ್ಟ್ 1 ಇವರ ರಾಷ್ಟ್ರೀಯ ದಿನ. ಅಂದು ಕತ್ತಲಾದ ಮೇಲೆ ಸುತ್ತಲಿನ ಬೆಟ್ಟಗಳ ಮೇಲೆ ಒಂದೊಂದಾಗಿ ಬೆಂಕಿ ಹೊತ್ತಿಕೊಳ್ಳುವುದನ್ನು ದಂಡೆಯಲ್ಲಿ ಕೂತು ನೋಡಿದೆವು.

ಬೆಟ್ಟಗಳಲ್ಲಿ ರಿಗಿ ಸೌಮ್ಯ, ಪಿಲಾಟಸ್ ಒರಟು. ಯೂರೋಪಿನ ಮೊದಲ ಹಲ್ಲುಕಂಬಿಯ ಬೆಟ್ಟದ ರೈಲು 1871ರಲ್ಲಿ ಹತ್ತಿದ್ದು ರಿಗಿಯನ್ನು. ಪಿಲಾಟಸ್‌ಗೆ 1889ರಲ್ಲಿ ರೈಲು ಬಂತು. ಅದು ಇಂದಿಗೂ ಜಗತ್ತಿನ ಅತಿ ಕಡಿದಾದ ಹಲ್ಲುಕಂಬಿ ರೈಲು, ನೂರು ಮೀಟರಿಗೆ 48 ಮೀಟರ್ ಏರುವ ಜಾಗವೂ ಇದೆ. ಅಷ್ಟು ಕಡಿದಿನಲ್ಲಿ ಸಾಮಾನ್ಯ ಹಲ್ಲುಚಕ್ರ ಕಂಬಿಯ ಹಲ್ಲಿನಿಂದ ಮೇಲಕ್ಕೆ ಜಾರಿಬಿಡುತ್ತದೆಂದು ಎಂಜಿನಿಯರ್ ಎಡ್ವರ್ಡ್ ಲೋಹರ್ ಚಕ್ರಗಳನ್ನು ಅಡ್ಡ ಮಲಗಿಸಿ, ಕಂಬಿಯನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವಂತೆ ಮಾಡಿದ. ಕ್ರಿಸ್ತನಿಗೆ ಶಿಲುಬೆಯ ಶಿಕ್ಷೆ ವಿಧಿಸಿದ ಪಿಲಾತನ ಹೆಣ ಇಲ್ಲಿನ ಕೊಳದಲ್ಲಿದೆ, ಕೆಣಕಿದರೆ ಬಿರುಗಾಳಿ ಏಳುತ್ತದೆ ಎಂದು ಹಿಂದೆ ಬೆಟ್ಟ ಹತ್ತುವುದನ್ನೇ ನಿಷೇಧಿಸಿದ್ದರು. 1585ರಲ್ಲಿ ಊರಿನ ಪಾದ್ರಿಯೇ ಹೋಗಿ ಕೊಳಕ್ಕೆ ಕಲ್ಲೆಸೆದು ಆ ಭಯ ಬಿಡಿಸಿದರು.

ಸಂಗೀತದ ದಾರಿಯಲ್ಲಿ ಈ ಊರಿಗೆ ಮೈಸೂರಿನ ನಂಟೂ ಇದೆ. ಸಂಗೀತ ರಚನೆಕಾರ ವಾಗ್ನರ್ 1866ರಿಂದ 1872ರವರೆಗೆ ವಾಸವಿದ್ದ ಟ್ರಿಬ್ಶೆನ್ ಮನೆ ಸರೋವರದ ದಂಡೆಯಲ್ಲಿದೆ, ಈಗ ವಸ್ತುಸಂಗ್ರಹಾಲಯ. ಆಸ್ಟ್ರಿಯಾ ಹಿಟ್ಲರನ ಕೈಸೇರಿದಾಗ ಸಾಲ್ಸ್‌ಬರ್ಗ್ ಉತ್ಸವಕ್ಕೆ ಹೋಗಲೊಲ್ಲದ ವಾದ್ಯವೃಂದ ನಿರ್ದೇಶಕ ಟೊಸ್ಕನೀನಿ 1938ರ ಆಗಸ್ಟ್‌ನಲ್ಲಿ ಆ ಮನೆಯ ಅಂಗಳದಲ್ಲಿ ಕಛೇರಿ ನಡೆಸಿದರು. ಇಂದಿನ ಲ್ಯೂಸರ್ನ್ ಸಂಗೀತೋತ್ಸವದ ಮೊದಲು ಅದು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ 1945ರಲ್ಲಿ ಹುಟ್ಟಿದ್ದು. ಯುದ್ಧಾನಂತರದ ಕಷ್ಟದ ವರ್ಷಗಳಲ್ಲಿ ಅದಕ್ಕೆ ಹಣದ ಆಸರೆ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅದೇ ವೃಂದ 1954ರ ಆಗಸ್ಟ್‌ನಲ್ಲಿ ಲ್ಯೂಸರ್ನ್‌ಗೆ ಬಂದು ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ನುಡಿಸಿತು. ಮೂರೇ ತಿಂಗಳಲ್ಲಿ ಫುರ್ಟ್‌ವೆಂಗ್ಲರ್ ತೀರಿಕೊಂಡರು. ಆ ಸಂಜೆಯ ಧ್ವನಿಮುದ್ರಣವನ್ನು ಸಂಗೀತಪ್ರೇಮಿಗಳು ಇಂದಿಗೂ ಹುಡುಕಿ ಕೇಳುತ್ತಾರೆ. ರೈಲು ನಿಲ್ದಾಣದ ಪಕ್ಕದಲ್ಲಿ, ನೀರಿನ ಮೇಲಕ್ಕೆ ಸೂರು ಚಾಚಿ ನಿಂತ ಇಂದಿನ ಸಂಗೀತಭವನ ಜ್ಯಾನ್ ನೂವೆಲ್ ವಿನ್ಯಾಸದ್ದು, 1998ರಲ್ಲಿ ತೆರೆಯಿತು. ಉತ್ಸವ ಶುರುವಾಗುವುದು ಆಗಸ್ಟ್ ನಡುವಿಗೆ. ಸಂಗೀತದ ಒಲವಿರುವವರು ಹೊರಡುವ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಖರ್ಚಿನ ಊರು, ಸುಳ್ಳಲ್ಲ. ಆದರೆ ಬೀದಿಯ ಕಲ್ಲಿನ ಕಾರಂಜಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಳ್ಳಿ. ಮಂಗಳವಾರ, ಶನಿವಾರ ಬೆಳಿಗ್ಗೆ ಹೊಳೆಯ ದಡದಲ್ಲಿ ಸಂತೆ. ಚೆರ‍್ರಿ, ಏಪ್ರಿಕಾಟ್, ಬ್ರೆಡ್ಡು, ಗಿಣ್ಣು ಕೊಂಡರೆ ಮಧ್ಯಾಹ್ನದ ಊಟವಾಯಿತು. ಸಸ್ಯಾಹಾರಿಗಳಿಗೆ ಆಲೂಗಡ್ಡೆಯ ರೋಸ್ಟಿ ಸಿಗುತ್ತದೆ, ಬೇಕನ್ ಹಾಕಬೇಡಿ ಎಂದು ಮೊದಲೇ ಹೇಳಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು, ಬಸ್ಸು, ಸರೋವರದ ಹಡಗು, ರಿಗಿ ರೈಲು ಎಲ್ಲಕ್ಕೂ ಅದೇ ಟಿಕೆಟ್. ಪಿಲಾಟಸ್‌ಗೆ ರಿಯಾಯಿತಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ನಿಲ್ದಾಣದೊಳಗಿನವು ತೆರೆದಿರುತ್ತವೆ.

ಪ್ರವಾಸ ಸಂಸ್ಥೆಯವರು ಪಟ್ಟಿ ಕೈಗಿಟ್ಟಾಗ ಲ್ಯೂಸರ್ನ್ ಎಂಬ ಹೆಸರಿನ ಮುಂದೆ ಎಷ್ಟು ಹೊತ್ತು ಬರೆದಿದೆ ನೋಡಿ. ಎರಡು ಗಂಟೆ ಎಂದಿದ್ದರೆ ಒಪ್ಪಬೇಡಿ. ಇನ್ನೊಂದೆರಡು ಊರು ಬಿಟ್ಟರೂ ಸರಿ, ಇಲ್ಲಿ ಮೂರು ರಾತ್ರಿಯಾದರೂ ತಂಗಿ.