ನೋವಡಗಿದ ಮೇಲಿನ ಎಚ್ಚರಿಕೆ



ಎದೆನೋವು ತಾನಾಗಿ ಅಡಗಿತೆಂದರೆ ಅಪಾಯವೂ ಅಡಗಿತೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಇದು ಎಂತಹ ಭ್ರಮೆಯೆಂಬುದನ್ನು ತಮಗೆ ವಿವರಿಸಬೇಕೆಂದಿದ್ದೇನೆ.

ಮಲಪ್ರಭೆಯ ದಡದ ಹೊಳೆಆಲೂರಿನಲ್ಲಿ ಐವತ್ತು ವರ್ಷದ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬೆಳಗಿನ ಜಾವದಲ್ಲಿ ಅವನಿಗೆ ಎದೆ ಹಿಂಡಿದಂತಾಗಿ, ನೋವು ಎಡತೋಳಿಗಿಳಿದು, ಕಾಲುಗಂಟೆಯಲ್ಲಿ ನಿಂತುಹೋಗುತ್ತದೆ. ವಾಯುವಿರಬೇಕೆಂದು ಮಜ್ಜಿಗೆ ಕುಡಿದು ಅವನು ಹೊಲಕ್ಕೆ ಹೊರಡುತ್ತಾನೆ.

ಅವನೊಳಗೆ ನಡೆದುದೇನು? ಹೃದಯದ ಸ್ನಾಯುವಿಗೆ ರಕ್ತವನ್ನೊದಗಿಸುವ ಪರಿಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ದಾರಿ ಕಿರಿದಾಗುತ್ತದೆ. ಆ ಕೊಬ್ಬಿನ ಗಂಟು ಬಿರಿದೆಡೆಯಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುತ್ತದೆ. ಹೆಪ್ಪು ಕರಗಿದರೆ ನೋವು ನಿಲ್ಲುವುದು. ಬಿರುಕು ಮಾತ್ರ ಉಳಿದೇ ಇರುವುದು.

ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿಸುವ ಉಪಾಯಕ್ಕಾಗಿ ಹಾಲೆಂಡಿನ ಐಂಥೋವನ್‌ರಿಗೆ 1924ರಲ್ಲಿ ನೊಬೆಲ್ ಬಹುಮಾನ ಸಂದಿತು. ಆ ಗೆರೆಯ ಅಲೆಗಳಲ್ಲಿ ‘ಟಿ’ ಎಂಬುದು ಸ್ನಾಯುವು ಚೇತರಿಸಿಕೊಳ್ಳುವ ಅಲೆ. 1982ರಲ್ಲಿ ಅದೇ ದೇಶದ ಡಿ ಜ್ವಾನ್, ಬಾರ್, ವೆಲೆನ್ಸ್ ಎಂಬ ವೈದ್ಯರು ಎದೆನೋವಿನ 145 ರೋಗಿಗಳನ್ನು ಪರೀಕ್ಷಿಸಿ, 26 ಮಂದಿಯಲ್ಲಿ ಎದೆಯ ಮುಂಭಾಗದ ಗೆರೆಗಳಲ್ಲಿ ಈ ಅಲೆಯ ವಿಶಿಷ್ಟ ವಿಕಾರವನ್ನು ಕಂಡರು: ಅಲೆ ಆಳವಾಗಿ ಕೆಳಮುಖವಾಗಿತ್ತು, ಇಲ್ಲವೇ ಮೇಲೆದ್ದು ಕೊನೆಯಲ್ಲಿ ಕೆಳಗಿಳಿದಿತ್ತು. ಅವರಲ್ಲಿ ಶಸ್ತ್ರಚಿಕಿತ್ಸೆಯಾಗದ 16 ಮಂದಿಯ ಪೈಕಿ 12 ಮಂದಿಗೆ ಕೆಲವೇ ವಾರಗಳಲ್ಲಿ ದೊಡ್ಡ ಹೃದಯಾಘಾತವಾಯಿತು. ಹೃದಯದ ಮುಂಭಾಗವನ್ನು ಪೋಷಿಸುವ ಮುಖ್ಯ ಧಮನಿಯು ಬಹಳ ಕಿರಿದಾಗಿದೆಯೆಂಬುದೇ ಈ ಗುರುತಿನ ಅರ್ಥ.

ವಿಚಿತ್ರವೇನೆಂದರೆ, ಈ ಗುರುತು ತೋರುವುದು ನೋವು ನಿಂತ ಮೇಲೆ. ನೋವಿರುವಾಗ ಅದು ಮರೆಯಾಗಬಹುದು. ಇಂತಹವನನ್ನು ಶ್ರಮಪರೀಕ್ಷೆಗೆಂದು ಓಡಿಸುವುದು ಅಪಾಯಕರ. ಆಸ್ಪತ್ರೆಯಲ್ಲಿರಿಸಿ ಧಮನಿಯ ಚಿತ್ರ ತೆಗೆದು, ಅಡ್ಡಿಯನ್ನು ನಿವಾರಿಸುವುದೇ ಸರಿಯಾದ ಮಾರ್ಗ. ಒಂದು ಲೇಖವು ನೆಟ್ಟಗಿದ್ದಮಾತ್ರಕ್ಕೆ ನಿಶ್ಚಿಂತರಾಗಲೂ ಬಾರದು. ಮತ್ತೆ ಮತ್ತೆ ತೆಗೆದು ಹೋಲಿಸಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು 2023ರಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಲೇಖವನ್ನು ದೂರದ ತಜ್ಞರು ಒಡನೆಯೇ ಓದುವುದು ಅದರ ಉದ್ದೇಶ. ಆದರೆ ತಂತಿಯ ತುದಿಯಲ್ಲಿ ಎಂತಹ ತಜ್ಞರಿದ್ದರೇನು, ರೋಗಿಯು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದಿದ್ದರೆ?

ಆದುದರಿಂದ ನಮ್ಮ ರೈತನಿಗೆ ಮನೆಯವರು ಹೇಳಬೇಕಾದ ಮಾತು ಇಷ್ಟೇ: ನೋವು ಹೋಯಿತೆಂದು ಹೊಲಕ್ಕೆ ಹೋಗಬೇಡ, ನೋವು ಬಂದಿತ್ತೆಂದು ಆಸ್ಪತ್ರೆಗೆ ನಡೆ.