ಸ್ಪಿಟ್‌ಫೈರ್ ವಿಮಾನದ ಒಂಬತ್ತನೆಯ ಮಾದರಿ: ಒಂದು ಕಾಲವಿಚಾರ

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನಪಡೆಯು ಬಳಸಿದ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ ಒಂಬತ್ತನೆಯ ಮಾದರಿಯು ದಳಗಳ ಕೈಸೇರಿದುದು ಯಾವಾಗ ಎಂಬ ವಿಷಯದಲ್ಲಿ ಗ್ರಂಥಕಾರರಲ್ಲಿ ಒಮ್ಮತವಿಲ್ಲ. 1942ರ ಜೂನ್ ಎಂದು ಕೆಲವರು, ಜುಲೈ ಎಂದು ಕೆಲವರು ಬರೆದಿದ್ದಾರೆ. ಒಂದು ತಿಂಗಳ ಅಂತರವು ಅಲ್ಪವೆಂದು ತೋರಬಹುದು. ಆ ಬೇಸಗೆಯಲ್ಲಿ ಹಾರಿದವರಿಗೆ ಅದು ಅಲ್ಪವಾಗಿರಲಿಲ್ಲ.

1941ರ ಶರತ್ಕಾಲದಲ್ಲಿ ಫ್ರಾನ್ಸಿನ ಕರಾವಳಿಯ ಮೇಲೆ ಜರ್ಮನರ ಫೋಕೆ-ವುಲ್ಫ್ 190 ಕಾಣಿಸಿಕೊಂಡಿತು. ಅದೇ ವರ್ಷದ ಫೆಬ್ರುವರಿಯಲ್ಲಿ 92ನೆಯ ದಳಕ್ಕೆ ಮೊದಲು ಬಂದಿದ್ದ ಐದನೆಯ ಮಾದರಿಯ ಸ್ಪಿಟ್‌ಫೈರು ಇದರ ಮುಂದೆ ಹಿಂದೆ ಬಿದ್ದಿತು. ಇದಕ್ಕೆ ಪರಿಹಾರವಾಗಿ ಐದನೆಯ ಮಾದರಿಯ ಒಡಲಿಗೇ ಮರ್ಲಿನ್ 61 ಎಂಬ ಹೊಸ ಇಂಜಿನನ್ನು ಜೋಡಿಸಿದರು. ಎತ್ತರದ ತೆಳುಗಾಳಿಯನ್ನು ಎರಡು ಹಂತಗಳಲ್ಲಿ ಒತ್ತಿ ಒಳಕ್ಕೆ ತುಂಬುವ ಏರ್ಪಾಡು ಇದರಲ್ಲಿದ್ದಿತು. ಇದನ್ನು ತಾತ್ಕಾಲಿಕ ಉಪಾಯವೆಂದೇ ಎಣಿಸಿದ್ದರು; ಇದೇ ವರ್ಗದ ಇಂಜಿನಿಗಾಗಿ ಹೊಸದಾಗಿ ರೂಪಿಸಿದ ಎಂಟನೆಯ ಮಾದರಿಯು ದಳಗಳಿಗೆ ಬಂದುದು 1943ರಲ್ಲಿ. ಆದಕಾರಣ ಇಲ್ಲಿ ಸಂಖ್ಯಾಕ್ರಮವನ್ನು ಕಾಲಕ್ರಮವೆಂದು ಭಾವಿಸತಕ್ಕದ್ದಲ್ಲ.

ಕಾಲನಿರ್ಣಯಕ್ಕೆ ಮುಖ್ಯ ಆಧಾರಗಳು ಎರಡು. ಒಂದೊಂದು ವಿಮಾನಕ್ಕೂ ಇಟ್ಟಿದ್ದ 78ನೆಯ ನಮೂನೆಯ ಕಾರ್ಡು ಮೊದಲನೆಯದು. ಆ ವಿಮಾನವು ಯಾವ ದಿನ ಯಾವ ದಳದ ಲೆಕ್ಕಕ್ಕೆ ಸೇರಿತೆಂಬುದನ್ನು ಅದು ತಿಳಿಸುತ್ತದೆ. ಎರಡನೆಯದು ದಳದ ಕಾರ್ಯಾಚರಣೆಯ ದಿನಚರಿ. ಇದರ 540ನೆಯ ನಮೂನೆಯಲ್ಲಿ ದಿನದಿನದ ವೃತ್ತಾಂತವೂ 541ನೆಯದರಲ್ಲಿ ಹಾರಿದವರ ಹೆಸರು, ವಿಮಾನದ ಸಂಖ್ಯೆ, ಹೊರಟ ಮತ್ತು ಮರಳಿದ ವೇಳೆ ಇವೂ ಇರುತ್ತವೆ. ಮಾದರಿಯ ಹೆಸರನ್ನು ಮಾತ್ರ ನಂಬಿದರೆ ಸಾಲದು. ಮೊದಮೊದಲಿನ ಅನೇಕ ವಿಮಾನಗಳು ಐದನೆಯ ಮಾದರಿಯಾಗಿ ಹುಟ್ಟಿ ಬಳಿಕ ರೂಪಾಂತರ ಹೊಂದಿದವು. ಸಂಖ್ಯೆ ಮಾತ್ರ ಹಳೆಯದೇ ಉಳಿಯಿತು. ಎದುರಾಳಿಯ ಸಾಕ್ಷ್ಯವೂ ಇಲ್ಲಿ ನೆರವಾಗದು. ಹೊಸ ಮಾದರಿಯ ಗುರುತುಗಳು ನಾಲ್ಕು ಅಲಗಿನ ಪಂಕ, ಎರಡು ರೆಕ್ಕೆಗಳ ಕೆಳಗೂ ಸಮಗಾತ್ರದ ಶೀತಕಗಳು ಇಷ್ಟೆ. ಕಾಳಗದ ನಡುವೆ ಇವನ್ನು ಎಣಿಸಿ ನೋಡುವವರಾರು?

ಹಾರ್ನ್‌ಚರ್ಚ್ ನೆಲೆಯ 64ನೆಯ ದಳಕ್ಕೆ ಹೊಸ ವಿಮಾನಗಳು ಬರತೊಡಗಿದುದು ಜೂನ್ ತಿಂಗಳಲ್ಲಿ. ಆದರೆ ವಿಮಾನವು ಬಂದೊಡನೆ ದಳವು ಕಾಳಗಕ್ಕೆ ಸಿದ್ಧವಾಗುವುದಿಲ್ಲ. ವೈಮಾನಿಕರಿಗೂ ಯಂತ್ರಕಾರರಿಗೂ ಅಭ್ಯಾಸವಾಗಬೇಕು. ಜುಲೈ 30ರಂದು ಡಾನ್ ಕಿಂಗಾಬಿಯು ಈ ವಿಮಾನದಿಂದ ಒಂದು ಫೋಕೆ-ವುಲ್ಫನ್ನು ಉರುಳಿಸಿದನು. ಒಂಬತ್ತನೆಯ ಮಾದರಿಗೆ ಅದೇ ಅಂತಹ ಮೊದಲ ಜಯ. ಜೂನ್ ಎಂದವರು ಪ್ರಾಪ್ತಿಯ ಕಾಲವನ್ನೂ ಜುಲೈ ಎಂದವರು ಪ್ರಯೋಗದ ಕಾಲವನ್ನೂ ಹೇಳಿದ್ದಾರೆ. ಓಲೆಗರಿಯ ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ತೇದಿಯನ್ನು ಕೃತಿರಚನೆಯ ಕಾಲವೆಂದು ತಿಳಿದು ಮೋಸಹೋದವರಿಗೆ ಈ ಬಗೆಯ ತೊಡಕು ಅಪರಿಚಿತವಲ್ಲ.

ಮೊದಲ ದಳಕ್ಕೆ ಬಂದಿತೆಂದರೆ ಪಡೆಗೆಲ್ಲ ಬಂದಿತೆಂದೂ ಅರ್ಥವಲ್ಲ. ಆಗಸ್ಟ್ 19ರಂದು ದಿಯೆಪ್ ಬಂದರಿನ ಮೇಲೆ ದಾಳಿ ನಡೆದಾಗ ಈ ಮಾದರಿಯಿದ್ದುದು 64, 401, 402, 611 ಎಂಬ ನಾಲ್ಕು ದಳಗಳಲ್ಲಿ ಮಾತ್ರ. ಉಳಿದ ಸ್ಪಿಟ್‌ಫೈರ್ ದಳಗಳಲ್ಲಿ ಬಹುಪಾಲು ಐದನೆಯ ಮಾದರಿಯಲ್ಲಿಯೇ ಹೋದವು. ಮಿತ್ರಪಕ್ಷವು ಆ ಒಂದೇ ದಿನ ಸುಮಾರು 100 ವಿಮಾನಗಳನ್ನು ಕಳೆದುಕೊಂಡಿತು.